ಪಾಲಿಶ್ ಮಾಡಿದ ಹಾಯಿದೋಣಿ

೧೯೮೪ರ ಬೇಸಿಗೆಯಲ್ಲಿ, ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರಖಾನೆ ಇಟ್ಟಿದ್ದ ನನ್ನ ಸಂಗಪ್ಪ ಕಾಕಾ, ಗೋವಾ ಕಡೆಯಿಂದ ಹಳೆಯದೊಂದು ಫೈಬರ್ ಹಾಯಿದೋಣಿಯನ್ನು ಲಾರಿಯ ಮೇಲೆ ಹೇರಿಕೊಂಡು ಬಂದರು. ದೋಣಿ ಸೋರುತ್ತಿತ್ತು.

ಇದು ನೆನಪಾದದ್ದು ಮೊನ್ನೆ. ಎದುರು ಮನೆಯವರು ಮಾಳಿಗೆಯ ಮೇಲಿನ ನೀರಿನ ಟಾಕಿ ಸೀಳಿದೆಯೆಂದು ತೇಪೆ ಹಾಕಿಸುತ್ತಿದ್ದರು. ಕಿಟಕಿಯಿಂದ ರೆಸಿನ್ ಅಂಟಿನ ವಾಸನೆ ಬಂತು. ನಿಮ್ಮಲ್ಲಿ ಯಾರಿಗಾದರೂ ಆ ವಾಸನೆಯ ಪರಿಚಯವಿದ್ದರೆ ಗೊತ್ತಿರುತ್ತದೆ: ಅದು ಸೀಮೆಎಣ್ಣೆಯೂ ಅಲ್ಲ, ಬಣ್ಣವೂ ಅಲ್ಲ, ಮೂಗಿಗಿಂತ ಮೊದಲು ಹಣೆಗೆ ಹತ್ತುತ್ತದೆ. ನಾನು ಚಹಾದ ಕಪ್ಪು ಕೆಳಗಿಟ್ಟು, ನನಗೇ ಗೊತ್ತಿಲ್ಲದೆ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡೆ.

"ಏನಾತ್ರಿ, ಇಲಿ ಬಂತೇನು?" ಎಂದಳು ಹೆಂಡತಿ.

ಇಲಿ ಬಂದಿರಲಿಲ್ಲ. ಕಾಲ ಕೆಳಗೆ ನೀರು ಬಂದಿದೆಯೇ ಎಂದು ನೋಡುತ್ತಿದ್ದೆ.

ಕಾಕಾ ದೋಣಿಯನ್ನು ಶೋಕಿಗಾಗಿ ತಂದದ್ದಲ್ಲ. ಅವರ ಒಬ್ಬಳೇ ಮಗಳು ನೀಲಾಳನ್ನು ಕೃಷ್ಣೆಯ ಆಚೆ ದಂಡೆಗೆ, ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಕೊಡುವಾಗ ಹೊಳೆ ಹೊಳೆಯಂತೆಯೇ ಇತ್ತು. ಆಮೇಲೆ ಕೆಳಗಿನ ಅಣೆಕಟ್ಟಿನ ಹಿನ್ನೀರು ಬಂದು ನಿಂತು, ಆಚೆ ದಂಡೆಯ ಮನುಷ್ಯರು ಕರಿ ಚುಕ್ಕೆಗಳಾದರು. ರಸ್ತೆಯಲ್ಲಿ ಹೋಗುವುದಾದರೆ ಸೇತುವೆ ಇರುವಲ್ಲಿಗೆ ಸುತ್ತು ಹಾಕಿ, ಬಸ್ಸು ಬದಲಿಸಿ, ಕಿತ್ತು ಹೋದ ಹಾದಿಯಲ್ಲಿ ದಿನವಿಡೀ ಕುಲುಕಬೇಕು. ಹಿಂದಿನ ವರ್ಷ ನೀಲಾ ಬಸುರಿಯಾಗಿದ್ದಾಗ ಹಾಗೆಯೇ ಕುಲುಕುತ್ತ ತವರಿಗೆ ಬಂದಿದ್ದಳು. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಹೊಟ್ಟೆ ನೋವು ಶುರುವಾಗಿತ್ತು. ಮೂರು ತಿಂಗಳ ಗರ್ಭ ನಿಲ್ಲಲಿಲ್ಲ.

ಈಗ ಮತ್ತೆ ಬಸುರಿಯಾಗಿದ್ದಳು. ಬಸ್ಸು ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳ ಗಂಡನ ಊರಿನಲ್ಲಿ ದವಾಖಾನೆ ಇರಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದಂತೂ ನಮ್ಮಲ್ಲಿ ಚರ್ಚೆಯ ವಿಷಯವೇ ಅಲ್ಲ.

"ಕುಬಸಾ ಆದಮ್ಯಾಲೆ ಎಂಟರಾಗ ಕರಕೊಂಡು ಬರೂದು ಬ್ಯಾಡ. ಒಂಬತ್ತು ಬೀಳಲಿ," ಎಂದು ಕಾಕಾನ ಹೆಂಡತಿ ಗಂಗವ್ವ ಕಾಕು ದಿನ ಗೊತ್ತು ಮಾಡಿದರು. ಸೀಮಂತ ಮುಗಿದು ಒಂಬತ್ತನೆಯ ತಿಂಗಳು ಬೀಳುವುದು ಶ್ರಾವಣದಲ್ಲಿ. ಶ್ರಾವಣದಲ್ಲಿ ಹೊಳೆಯ ಮೇಲೆ ಗಾಳಿ ಹೇಗೆ ಬೀಸುತ್ತದೆಂದು ದಂಡೆಯ ಜನಕ್ಕೆ ಹೇಳಬೇಕಾಗಿಲ್ಲ. ಈಚೆ ದಂಡೆಯ ಅಂಬಿಗ ಹನಮಪ್ಪನ ಹರಗೋಲು ಆ ಗಾಳಿಗೆ ಬುಗುರಿಯಂತೆ ತಿರುಗುತ್ತಿತ್ತು. ಅದರ ತಳದಲ್ಲಿ ತುಂಬಿದ ಬಸುರಿಯನ್ನು ಕುಕ್ಕರಗಾಲಿನಲ್ಲಿ ಕೂರಿಸುವುದು ಯಾರಿಗೂ ಬೇಡವಾಗಿತ್ತು.

ಕಾಕಾ ಗೋವಾದ ಒಂದು ಹೋಟೆಲಿಗೆ ನೆಲಗಲ್ಲು ಕಳಿಸಿದ್ದರು. ಅಲ್ಲಿ ಹಿತ್ತಲಲ್ಲಿ ಬೋರಲು ಬಿದ್ದಿದ್ದ ಈ ದೋಣಿಯ ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಬೇಕಾದರೆ ಒಯ್ಯಿರಿ ಎಂದರು ಹೋಟೆಲಿನವರು. ಖಾಲಿ ಬರುವ ಲಾರಿ, ಮನಸ್ಸಿನಲ್ಲಿ ಮಗಳು. ಕಾಕಾ ಕೋಳಿಗಳನ್ನು ಎಬ್ಬಿಸಿದರು.

ನಾನು ಆಗ ಬಾಗಲಕೋಟೆಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಹೊಸಬನಾದರೂ ಮಳೆಗಾಲದ ಒಂದು ಬಗೆಯ ಸುದ್ದಿ ಬರೆಯುವುದರಲ್ಲಿ ಕೈ ಪಳಗಿತ್ತು. ಹರಗೋಲು ಮಗುಚಿತು, ಇಷ್ಟು ಜನ ಈಜಿ ದಡ ಸೇರಿದರು, ಇಷ್ಟು ಜನರಿಗಾಗಿ ಹುಡುಕಾಟ ನಡೆದಿದೆ. ಊರಿನ ಹೆಸರು, ವಾರ, ಸಂಖ್ಯೆ ಬದಲಿಸಿದರೆ ಸಾಕು, ಉಳಿದದ್ದು ಅದೇ. ಕಾಕಾನ ದೋಣಿಯನ್ನು ಮೊದಲ ಸಲ ನೋಡಿದಾಗಲೇ ತಲೆಯೊಳಗೆ ಆ ಸುದ್ದಿ ತಾನೇ ತಾನಾಗಿ ಅಚ್ಚಾಯಿತು. ಸಂಖ್ಯೆಯ ಜಾಗ ಮಾತ್ರ ಖಾಲಿ ಇತ್ತು. ಶ್ರಾವಣದವರೆಗೆ ನನಗೆ ಅದನ್ನು ಅಳಿಸಲಾಗಲಿಲ್ಲ.

ದೋಣಿಯ ಮೊದಲ ಸೋರಿಕೆ ಸಣ್ಣದು. ಹಿಂಬದಿಯ ಮೂಲೆಯ ಜೋಡಣೆಯಲ್ಲಿ ಕೂದಲೆಳೆಯ ಬಿರುಕು. ಹನಮಪ್ಪ ತನ್ನ ಹರಗೋಲಿಗೆ ವರ್ಷವರ್ಷ ಮಾಡುವಂತೆ ಅಲ್ಲಿ ಡಾಂಬರು ಕಾಯಿಸಿ ಮೆತ್ತಿದ. ಬಿಳಿ ದೋಣಿಗೆ ಕರಿ ತೇಪೆ. ಕಾಕಾಗೆ ಅದು ಕಣ್ಣಿಗೆ ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಇಡೀ ದೋಣಿಯ ಮೈ ಬಿಸಿಲಿಗೆ ಮಂಕಾಗಿತ್ತು. ಬೆರಳಾಡಿಸಿದರೆ ಸುಣ್ಣದಂಥ ಪುಡಿ ಬರುತ್ತಿತ್ತು. ಕಾಕಾನ ಕಾರಖಾನೆಯಿಂದ ಮಂಕಾದ ವಸ್ತು ಹೊರಗೆ ಹೋದ ದಾಖಲೆ ಇರಲಿಲ್ಲ.

"ಇಮಾಮಾ, ಇದಕ್ಕೊಂದು ಕೈ ಹೊಡಿ," ಎಂದರು.

ಇಮಾಮಸಾಬ ಅವರ ಹಿರಿಯ ಪಾಲಿಶ್ ಕೆಲಸಗಾರ. ನೀರು ಬಿಡುತ್ತ, ಒರಟು ಚಕ್ರದಿಂದ ನಯ ಚಕ್ರಕ್ಕೆ ಬರುತ್ತ, ಕಲ್ಲಿಗೆ ಮಾಡುವುದನ್ನೆಲ್ಲ ದೋಣಿಗೆ ಮಾಡಿದ. ಡಾಂಬರನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದ. ಮುಗಿದಾಗ ದೋಣಿಯ ಮೈಯಲ್ಲಿ ಆಕಾಶ ಕಾಣುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಜನ ನೋಡಲು ಬಂದರು. ಕಾಕು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡರು. ನಾನೂ ಕ್ರಾಪು ತೀಡಿಕೊಂಡೆ ಎಂಬುದನ್ನು ಬಚ್ಚಿಡುವುದಿಲ್ಲ.

ಮರುದಿನ ಕಲ್ಲು ತೊಳೆಯುವ ಹೊಂಡದಲ್ಲಿ ತೇಲಿಬಿಟ್ಟೆವು. ಸ್ವಲ್ಪ ಹೊತ್ತಿನಲ್ಲೇ ದೋಣಿಯ ಒಳಮೈ ಬೆವರತೊಡಗಿತು. ಒಂದು ಕಡೆಯಲ್ಲ, ಎಲ್ಲ ಕಡೆ. ಸಾಸಿವೆಯಷ್ಟು ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಕೆಳಗಿಳಿದವು. ಫೈಬರ್ ದೋಣಿಯ ಮೇಲಿನ ತೆಳು ಪದರವೇ ನೀರನ್ನು ತಡೆಯುವುದು. ಅದರ ಕೆಳಗಿನ ಗಾಜಿನ ಎಳೆಗಳು ದೀಪದ ಬತ್ತಿಯಂತೆ ನೀರು ಹೀರುತ್ತವೆ. ನಾವು ಆ ಪದರವನ್ನೇ ತಿಕ್ಕಿ ತೆಗೆದಿದ್ದೆವು. ಕಲ್ಲಾದರೆ ತಿಕ್ಕಿದಷ್ಟೂ ಒಳಗೆ ಕಲ್ಲೇ ಸಿಗುತ್ತದೆ. ಇಳಕಲ್ಲಿನ ಜನಕ್ಕೆ ಬೇರೆ ಯೋಚನೆ ಬರುವುದಾದರೂ ಹೇಗೆ?

ಕಾಕು ಹೊಂಡದ ದಂಡೆಯಿಂದ ಬಗ್ಗಿ ದೋಣಿಯ ಒಳಮೈಯನ್ನು ಬೆರಳಿನಿಂದ ಒರೆಸಿ ನೋಡಿದರು. ಆಮೇಲೆ, "ತಿಕ್ಕಿದ್ರ ಎಲ್ಲಾ ಹೊಳೀತೈತಿ ಅನ್ಕೊಂಡೀರಿ. ಅದರ ಚರ್ಮಾ ಸುಲದ್ರಿ. ಇದರಾಗ ನನ್ನ ಮಗಳನ್ನ ಕುಂದ್ರಸ್ತೀರೇನು?" ಎಂದರು.

ಕಾಕಾ ಮರುದಿನ ಹುಬ್ಬಳ್ಳಿಗೆ ಹೋಗಿ ರೆಸಿನ್ ಡಬ್ಬಿ, ಗಟ್ಟಿಯಾಗಿಸುವ ಔಷಧ, ಗಾಜಿನ ಎಳೆಯ ಬಟ್ಟೆ ತಂದರು.

"ಲೇ ಪೇಪರ್," ಎಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. "ಡಬ್ಬಿ ಮ್ಯಾಲೆ ಇಂಗ್ಲೀಷ್‌ನಾಗ ಏನೋ ಬರದಾರ, ಓದು."

ಓದಿದೆ. ಇಷ್ಟಕ್ಕೆ ಇಷ್ಟು ಹನಿ ಎಂದು ಬರೆದಿತ್ತು. ಸೆಖೆಯಲ್ಲಿ ಕಡಿಮೆ ಹಾಕಬೇಕೆಂದೂ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಆ ಸಾಲಿಗೆ ನಾನು ಬರುವಷ್ಟರಲ್ಲಿ ಕಾಕಾ ಸ್ನಾನದ ಮಗ್ಗಿನಲ್ಲಿದ್ದ ರೆಸಿನ್ನಿಗೆ ಔಷಧ ಸುರಿದಾಗಿತ್ತು. ಮೇ ತಿಂಗಳ ಮಧ್ಯಾಹ್ನ, ತಗಡಿನ ಶೆಡ್ಡು. ಮಗ್ಗಿನಿಂದ ಹೊಗೆ ಎದ್ದಿತು. ಕಲಕುತ್ತಿದ್ದ ಕೋಲು ನಿಂತಲ್ಲೇ ನಿಂತಿತು.

"ಅಯ್ಯ, ಮಗ್ಗಾ ಕಲ್ಲಾತಲೇ!"

ಇಮಾಮಸಾಬ ಮಗ್ಗನ್ನು ತಿರುಗಿಸಿ ನೋಡಿ, "ಇದಕ್ಕೂ ಪಾಲಿಶ್ ಹೊಡೀಲೇನ್ರಿ, ಮಾಲಕರ?" ಎಂದ. ದೋಣಿ ಬಂದ ಮೇಲೆ ಕಾಕಾ ನಕ್ಕದ್ದನ್ನು ಅವತ್ತೇ ನೋಡಿದ್ದು.

ಆಮೇಲೆ ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ ನಡೆಯಿತು. ದೋಣಿಯನ್ನು ಬೋರಲು ಹಾಕಿ, ವಾರಗಟ್ಟಲೆ ಒಣಗಿಸಿ, ಹೊಳಪನ್ನೆಲ್ಲ ಮರಳು ಕಾಗದದಿಂದ ಮತ್ತೆ ಒರಟು ಮಾಡಿದರು. ಜೀವಮಾನವೆಲ್ಲ ನಯ ಮಾಡಿದ ಇಮಾಮಸಾಬನಿಗೆ ಅದು ಸುಲಭವಾಗಿರಲಿಲ್ಲ; ಗೊಣಗುತ್ತಲೇ ಮಾಡಿದ. ಗಾಜಿನ ಬಟ್ಟೆ ಹಾಸಿ, ರೆಸಿನ್ ಉಣಿಸಿ, ಗಾಳಿಗುಳ್ಳೆ ಉಳಿಯದಂತೆ ಬೆರಳಿನಿಂದ ಒತ್ತಿದರು. ಹೊಂಡದಲ್ಲಿ ಬಿಟ್ಟರೆ ಈಗ ಒಳಗೆ ಹನಿ ಇಲ್ಲ. ಹನಮಪ್ಪ ಅದನ್ನು ಹೊಳೆಗೆ ಒಯ್ದು ಹಾಯಿ ಕಟ್ಟಿ ಕಲಿತ. "ಹರಗೋಲಿಗೆ ತಲಿ ಇಲ್ರಿ, ಇದಕ್ಕ ತಲಿ ಐತಿ. ತಲಿ ಇದ್ದದ್ದು ನಮ್ಮ ಮಾತ್ ಕೇಳೂದಿಲ್ಲ," ಎನ್ನುತ್ತಿದ್ದ. ಆದರೂ ಕಲಿತ.

ಶ್ರಾವಣ ಬಂತು. ಒಳ್ಳೆಯ ವಾರ ನೋಡಿ ಕಾಕು, ಹನಮಪ್ಪ ಮತ್ತು ನಾನು ಆಚೆ ದಂಡೆಗೆ ಹೋದೆವು. ಕಾಕಾ ಈಚೆ ದಂಡೆಯಲ್ಲೇ ಉಳಿದರು. ಒಬ್ಬರ ಭಾರ ಕಡಿಮೆಯಾಗಲಿ ಎಂದು. ಹೋಗುವಾಗ ದೋಣಿಯೊಳಗೆ ಒಂದು ಹನಿಯೂ ಇರಲಿಲ್ಲ. ನೀಲಾಳನ್ನು ಎರಡು ಲಾರಿ ಟ್ಯೂಬುಗಳ ನಡುವೆ, ಕೌದಿ ಮಡಿಸಿ ಹಾಸಿ ಕೂರಿಸಿದೆವು. ಅತ್ತೆ ಮನೆಯವರು ರೊಟ್ಟಿ ಬುತ್ತಿ ಕೊಟ್ಟರು.

"ಏನಣ್ಣಾ, ಪೇಪರ್‌ನಾಗ ಬರೀತಿ ಏನು ನನ್ನ ಸುದ್ದಿ?" ಎಂದಳು.

"ಬರಿಯೂದಿಲ್ಲ," ಎಂದೆ. ಬೇಕಾದುದಕ್ಕಿಂತ ಜೋರಾಗಿ ಹೇಳಿದೆನೆಂದು ಕಾಣುತ್ತದೆ. ಅವಳು ನನ್ನ ಮುಖ ನೋಡಿದಳು.

ಪಡುಗಾಳಿ ಹಾಯಿಯನ್ನು ತುಂಬಿತು. ದಂಡೆ ಬಿಟ್ಟು ಸಾಕಷ್ಟು ದೂರ ಬಂದ ಮೇಲೆ ತಳಕ್ಕೆ ಹಾಸಿದ ಹಲಗೆಯ ಸಂದಿನಲ್ಲಿ ನೀರು ಮಿನುಗಿದ್ದನ್ನು ಕಂಡೆ. ಮೊದಲು ಅಲೆಯ ಎರಚಲು ಎಂದುಕೊಂಡೆ. ಎರಚಲು ನಿಂತ ಮೇಲೂ ನೀರು ಏರಿತು. ಹನಮಪ್ಪನ ಕಡೆ ನೋಡಿದೆ. ಅವನಿಗೆ ಆಗಲೇ ಗೊತ್ತಿತ್ತು. ಮುಂದಿನ ಎತ್ತರದ ಹಲಗೆಯ ಮೇಲೆ ಕಾಲು ಮಡಿಸಿ ಕುಳಿತಿದ್ದ ಕಾಕು ಅತ್ತ ತಿರುಗಿದಾಗ, ಕುಡಿಯುವ ನೀರಿನ ತಂಬಿಗೆಯ ಕಡೆ ಹುಬ್ಬು ಹಾರಿಸಿದ. ಹಿಂದಿನ ಮೂಲೆ. ಡಾಂಬರು ಮೆತ್ತಿದ್ದ ಜಾಗ. ಸೀಮೆಎಣ್ಣೆಗೆ ಕಣ್ಣಿಗೆ ಕಾಣುವ ಡಾಂಬರು ಹೋಗಿತ್ತು, ಬಿರುಕಿನೊಳಗಿನ ಜಿಡ್ಡು ಹೋಗಿರಲಿಲ್ಲ. ಅಲ್ಲಿ ರೆಸಿನ್ ಕಚ್ಚಿರಲಿಲ್ಲ. ತೇಪೆಯ ಅಂಚು ಎದ್ದಿತ್ತು.

ನಾನು ತಂಬಿಗೆಯಲ್ಲಿ ನೀರು ಎತ್ತಿ ಹೊರಗೆ ಚೆಲ್ಲತೊಡಗಿದೆ.

"ಏನ್ ಮಾಡಾಕತ್ತೀಯೋ?" ಎಂದರು ಕಾಕು.

"ಕೈ ತೊಳಕೊಳ್ಳಾಕತ್ತೇನ್ರಿ, ಕಾಕು."

"ಎಷ್ಟ್ ತೊಳೀತಿ? ಏನ್ ಮುಟ್ಟಿದ್ದಿ ಅಂಥಾದ್ದು?"

ಹನಮಪ್ಪ ಗಾಳಿಯ ಕಡೆ ನೋಡುತ್ತಿದ್ದ. ನೀರು ನೀಲಾಳ ಪಾದ ಮುಳುಗಿಸಿ, ಕಾಲುಂಗುರದ ಮೇಲೆ ಹರಿದು, ಸೀರೆಯ ಅಂಚಿಗೆ ಏರಿತು. ಅಲ್ಲಿಂದ ಮುಂದೆ ನಾನು ಎತ್ತಿದಷ್ಟೇ ಬರುತ್ತಿತ್ತು. ಇಳಿಯಲಿಲ್ಲ, ಏರಲೂ ಇಲ್ಲ. ತಲೆಯೊಳಗಿನ ಸುದ್ದಿಯ ಖಾಲಿ ಜಾಗದಲ್ಲಿ ನಾನು ನಾಲ್ಕು ಎಂದು ಬರೆದೆ. ಆಮೇಲೆ, ಅವಳ ಹೊಟ್ಟೆ ನೋಡಿ, ಐದು ಎಂದು ತಿದ್ದಿದೆ. ನೀಲಾ ಕಾಲು ಎತ್ತಲಿಲ್ಲ, ಒದ್ದೆಯಾಯಿತು ಎನ್ನಲಿಲ್ಲ, ತಾಯಿಯ ಕಡೆ ನೋಡಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕಲ್ಲಿನಂತೆ ಕುಳಿತಿದ್ದಳು.

ದಂಡೆ ಮುಟ್ಟಿದಾಗ ಕಾಕಾ ಮೊಣಕಾಲು ನೀರಿಗೆ ಇಳಿದು ಮಗಳನ್ನು ಎತ್ತಿಕೊಂಡರು. ದೋಣಿಯ ತಳ ನೋಡಿದರು, ನನ್ನ ಕೈಯ ತಂಬಿಗೆ ನೋಡಿದರು. ಆ ದೋಣಿಯನ್ನು ಅವರು ಮತ್ತೆ ನೀರಿಗೆ ಇಳಿಸಲಿಲ್ಲ.

ಇಷ್ಟನ್ನು ನಾನು ಹಲವು ಸಲ ಹೇಳಿದ್ದೇನೆ. ಹೇಳುವಾಗೆಲ್ಲ ನೀಲಾಳ ಧೈರ್ಯದ ಮಾತು ಬರುತ್ತಿತ್ತು: ತಾಯಿ ಹೆದರಬಾರದೆಂದು ನೀರಿನಲ್ಲಿ ಕಾಲಿಟ್ಟುಕೊಂಡು ಬಾಯಿ ಮುಚ್ಚಿ ಕುಳಿತಳು ಎಂದು. ಬರೆಯುವ ಮೊದಲು ಖಚಿತ ಮಾಡಿಕೊಳ್ಳುವುದು ಹಳೆಯ ಅಭ್ಯಾಸ. ನಿನ್ನೆ ಫೋನ್ ಮಾಡಿ ಅವಳನ್ನು ಕೇಳಿದೆ.

"ನೀರ? ಯಾವ ನೀರ?" ಎಂದಳು. "ದೋಣ್ಯಾಗ ನೀರ ಬಂದಿತ್ತೇನಣ್ಣಾ? ನನಗ ಗೊತ್ತಽ ಇಲ್ಲ."

"ಮತ್ತ ಹಂಗ್ಯಾಕ ಕುಂತಿದ್ದಿ?"

"ದಂಡಿ ಬಿಡೂ ಮುಂದ ಕೂಸು ಭಾಳ ಒದೀತಿತ್ತು. ನಡು ಹೊಳ್ಯಾಗ ಸುಮ್ಮನಾತು. ಹಿಂದಿನ ವರ್ಷದ್ದು ನೆನಪಾತು ನೋಡು. ಅಲುಗಾಡಿದ್ರ ಏನಾಕ್ಕೈತೋ ಅಂತ ಉಸುರು ಹಿಡಕೊಂಡು ಕುಂತೆ. ಯಾರಿಗೆ ಹೇಳಲಿ? ಅವ್ವಗ ಹೇಳಿದ್ರ ಅಲ್ಲೇ ಅಳ್ತಿದ್ಲು. ನೀ ನೋಡಿದ್ರ ಕೈ ತೊಳಕೊಳ್ಳಾಕತ್ತಿದ್ದಿ."

"ಮುಂದ?"

"ಅಪ್ಪ ಎತ್ಕೊಂಡ ನೋಡು, ಆವಾಗ ಒದೀತು. ಅವನ ಎದಿಗೇ."

ಮಗು ಇಳಕಲ್ಲಿನ ದವಾಖಾನೆಯಲ್ಲಿ ಹುಟ್ಟಿತು. ಹೆಣ್ಣು. ಈಗ ಬೇವೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ.