ಎಂಬತ್ತಕ್ಕೆ ಕೈ ತೊಳೆಸಿ

ನಮ್ಮ ಕಡೆ ಉಣ್ಣಲು ಕುಳಿತವರು "ಸಾಕು" ಎಂದರೆ "ಇನ್ನೆರಡು ಹಾಕ್ರಿ" ಎಂದೇ ಅರ್ಥ. ತಾಟಿಗೆ ಅಡ್ಡ ಹಿಡಿದ ಕೈ ಸರಿಸಿ, ಆಣೆ ಹಾಕಿ, ಮತ್ತೊಂದು ಹೋಳಿಗೆ ಬಡಿಸಿದರೇ ಮರ್ಯಾದೆ. ಈ ಸತ್ಸಂಪ್ರದಾಯವನ್ನು ಲ್ಯಾಪ್‌ಟಾಪಿಗೂ ವಿಸ್ತರಿಸಿದ ಕೀರ್ತಿ ನನ್ನದು.

ಕುಷ್ಟಗಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಬೇರೆ ಯಾರಿಗೂ ಬೇಡವಾದ್ದರಿಂದ 'ಕಂಪ್ಯೂಟರ್ ಬಲ್ಲವರು' ಎಂಬ ಬಿರುದೂ ನನಗೇ ಬಂದಿತ್ತು. ಲ್ಯಾಪ್‌ಟಾಪ್ ಕೊಂಡು ಮೂರು ವರ್ಷ, ಅದರ ಬಾಯಿಂದ ಚಾರ್ಜರ್ ತೆಗೆದವನಲ್ಲ. ಕರೆಂಟು ಯಾವಾಗ ಹೋಗುತ್ತದೋ, ಸದಾ ನೂರು ಇರಲಿ! ಬೇಸಿಗೆಯಲ್ಲಿ ಅದು ಹಂಚಿನಂತೆ ಕಾದರೂ, ಹೊಟ್ಟೆ ತುಂಬಿದವರಿಗೆ ಸೆಖೆ ಸಹಜವೆಂದುಕೊಂಡೆ. ಸಹೋದ್ಯೋಗಿ ಶಾಂತಕ್ಕ ಮೇಡಂ ಮಾತ್ರ ತಮ್ಮ ಹಳೇ ಯಂತ್ರಕ್ಕೆ ಅಷ್ಟಿಷ್ಟು ಚಾರ್ಜು ಕೊಟ್ಟು ವೈರು ಕಿತ್ತುಬಿಡುತ್ತಿದ್ದರು.

"ಯಾಕ್ರೀ ಮೇಡಂ, ಪಾಪ, ಉಪಾಸ ಕೆಡವೀರಿ?" ಎಂದು ಎಲ್ಲರನ್ನೂ ನಗಿಸುತ್ತಿದ್ದೆ.

ಯಲಬುರ್ಗಾದಲ್ಲಿ ಶಿಕ್ಷಕರ ತರಬೇತಿ ಬಂತು. ಕಲಿಸುವವನು ನಾನು. ಮುಂದೆ ಕುಳಿತ ಇಲಾಖೆಯ ಸಾಹೇಬರು ಮೆಚ್ಚಿದರೆ ಕೊಪ್ಪಳದ ಜಿಲ್ಲಾ ತರಬೇತಿಗೂ ನಾನೇ. ಆ ಆಸೆಗೆ ಹೊಸ ಅಂಗಿಯನ್ನೂ ಹೊಲಿಸಿದ್ದೆ. ಎರಡನೇ ಸ್ಲೈಡಿಗೇ ಕರೆಂಟು ಹೋಗಿ ಪ್ರೊಜೆಕ್ಟರು ಆರಿತು.

"ಚಿಂತಿ ಬ್ಯಾಡ್ರಿ, ಇದರಾಗ ನೂರು ಐತಿ. ಹತ್ರ ಬರ್ರಿ" ಎಂದೆ.

ಎಲ್ಲರೂ ಬಂದು ಸುತ್ತುವರಿದರು. ನಾಲ್ಕೇ ನಿಮಿಷಕ್ಕೆ ಪರದೆ ಕಪ್ಪಾಯಿತು. ಕಲಿಯಲು ಬಂದಿದ್ದ ಶಾಂತಕ್ಕ ತಮ್ಮ ಹಳೇ ಯಂತ್ರವನ್ನು ತೆರೆದು, ಮಧ್ಯಾಹ್ನದವರೆಗೆ ಪಾಠ ನಡೆಸಿಕೊಟ್ಟರು.

ಕೊಪ್ಪಳದ ಪಕ್ಕದ ಭಾಗ್ಯನಗರದ ರಿಪೇರಿಯವನು ಕೆಳಗಿನ ಮುಚ್ಚಳ ಬಿಚ್ಚಿದ. ಬ್ಯಾಟರಿ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತ್ತು.

"ಸರ, ಸದಾ ನೂರರಾಗ ಇಟ್ಟು ಕಾಸಿದ್ರ ಇದು ಒಳಗೊಳಗ ಸಾಯ್ತೈತ್ರಿ. ಎಂಬತ್ತಕ್ಕ ಕೈ ತೊಳಸ್ರಿ."

"ಮತ್ತ ನೂರು ಅಂತ ತೋರಸ್ತಿತ್ತಲ್ಲೋ?"

"ಹೌದ್ರಿ. ಉಳಿದಿದ್ದರಾಗ ನೂರು."

ಶೇಕಡಾ ಎಂದ ಕೂಡಲೇ 'ಯಾವುದರ?' ಎಂದು ಕೇಳಬೇಕೆಂದು ಮಕ್ಕಳ ಕಿವಿ ಹಿಂಡಿ ಕಲಿಸಿದವನು ನಾನು. ಮೂರು ವರ್ಷ ಆ ನೂರನ್ನು ನೋಡಿ ಹಿಗ್ಗಿದ್ದೆ. ನನ್ನ ಬಗೆಗೂ ಅಷ್ಟೇ.

ಜಿಲ್ಲಾ ತರಬೇತಿಯ ಆದೇಶ ಶಾಂತಕ್ಕನ ಹೆಸರಿಗೆ ಬಂತು. ಸುಳ್ಳೇಕೆ, ಹೊಟ್ಟೆ ಉರಿಯಿತು. ಆದರೂ ಹೋಗಿ ಅಭಿನಂದಿಸಿದೆ.

"ನೀವೂ ಬರ್ರಿ ಸರ, ಛಲೋ ಆಗತೈತಿ. ಕಲಿಸಾಕಲ್ಲ, ಕಲಿಯಾಕ" ಎಂದರು, ನಗದೆ.

ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತು, ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ಕೈ ಎತ್ತಿ "ಇದು ನನಗ ತಿಳಿಲಿಲ್ರಿ" ಎಂದೆ. ಶಾಂತಕ್ಕ ಮತ್ತೆ ಮೊದಲಿಂದ ಹೇಳಿದರು. ಆಶ್ಚರ್ಯವೆಂದರೆ, ತಲೆಗೆ ಹೋಯಿತು.