ಭಾನುವಾರದ ನಿಯಮ

ಉತ್ತರ ಗೊತ್ತಿಲ್ಲದಿರುವುದು ನನಗೆ ಅಂಥ ಸಂಕಟದ ವಿಷಯವಲ್ಲ. ಐವತ್ತಮೂರು ವರ್ಷ ಬದುಕಿದವನಿಗೆ ಅದು ರೂಢಿಯಾಗಿರುತ್ತದೆ. ನನ್ನನ್ನು ತಿನ್ನುವುದು ಇನ್ನೊಂದು ಸ್ಥಿತಿ: ಉತ್ತರ ಬರೆದಾಗಿದೆ, ಅದು ಸರಿಯೆಂದೂ ಗೊತ್ತಿದೆ, ಆದರೆ ಯಾಕೆ ಸರಿ ಎಂಬುದು ಗೊತ್ತಿಲ್ಲ. ದಿನಾ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಗೂಢ ಪದಬಂಧ ಬಿಡಿಸುವವರಿಗೆ ಈ ಸ್ಥಿತಿಯ ಪರಿಚಯ ಚೆನ್ನಾಗಿರುತ್ತದೆ. ದಾಟಿ ಹೋಗುವ ಸಾಲುಗಳಿಂದ ನಾಲ್ಕು ಅಕ್ಷರ ಮೊದಲೇ ಬಂದು ಕೂತಿರುತ್ತವೆ. ಉಳಿದ ಮನೆಗಳಿಗೆ ಹೊಂದುವ ಪದ ಇಡೀ ಭಾಷೆಯಲ್ಲಿ ಒಂದೇ ಇರುತ್ತದೆ. ಅದನ್ನು ತುಂಬಿ, ಸುಳಿವಿನ ಮುಖ ನೋಡದೆ ಮುಂದಕ್ಕೆ ಜಾರುತ್ತೇವೆ, ಮದುವೆ ಮನೆಯಲ್ಲಿ ಊಟ ಮಾಡಿ ಹುಡುಗ ಹುಡುಗಿ ಯಾರೆಂದು ನೋಡದೆ ಬಂದವರ ಹಾಗೆ.

ಗೂಢ ಪದಬಂಧವೆಂದರೇನೆಂದು ತಿಳಿಯದ ಪುಣ್ಯವಂತರಿಗೆ ಒಂದು ಮಾತು. ಮಾಮೂಲಿ ಪದಬಂಧ "ಲೋಕ, ಎರಡಕ್ಷರ" ಎಂದು ಕೇಳುತ್ತದೆ. ನೀವು "ಜಗ" ಎನ್ನುತ್ತೀರಿ, ವ್ಯವಹಾರ ಮುಗಿಯುತ್ತದೆ. ಗೂಢ ಪದಬಂಧ ಅದನ್ನೇ "ಆನೆ ತಿರುಗಿ ನಿಂತರೆ ಲೋಕವೇ ಕಾಣುತ್ತದೆ" ಎನ್ನುತ್ತದೆ. ಆನೆ ಎಂದರೆ ಗಜ, ಅದನ್ನು ತಿರುಗಿಸಿ ನಿಲ್ಲಿಸಿದರೆ ಜಗ. ಸುಳಿವಿನ ಒಂದು ತುದಿಯಲ್ಲಿ ಅರ್ಥ, ಇನ್ನೊಂದು ತುದಿಯಲ್ಲಿ ಮಸಲತ್ತು. ಎರಡೂ ಒಂದೇ ಉತ್ತರಕ್ಕೆ ಬಂದು ಸೇರಬೇಕು, ನಡುವೆ ಒಂದು ಪದವೂ ಕೆಲಸವಿಲ್ಲದೆ ಕೂತಿರಬಾರದು. ನನ್ನ ಕಷ್ಟವೆಲ್ಲ ಹುಟ್ಟಿದ್ದು ಈ ಕೊನೆಯ ಕರಾರಿನಿಂದ.

ನಾನು ಹುಟ್ಟಾ ಚಿಂತಕ. ತತ್ತ್ವಚಿಂತಕನಲ್ಲ, ಬರೀ ಚಿಂತೆ ಮಾಡುವವನು. ಪುಣೆಯ ಯೆರವಡಾದ ನಮ್ಮ ಮನೆಯ ಬೀಗವನ್ನು ಮೂರು ಸಲ ಎಳೆದು ನೋಡದೆ ಮೆಟ್ಟಿಲು ಇಳಿಯುವುದಿಲ್ಲ. ಇಳಿದ ಮೇಲೆ ಗ್ಯಾಸ್ ನೆನಪಾಗುತ್ತದೆ. ಹಿಂಜವಾಡಿಗೆ ಹೋಗುವ ಕಂಪನಿ ಬಸ್ಸು ಹತ್ತಿ ಕೂತರೆ, ಈ ಬಸ್ಸಿನ ಚಾಲಕ ನಿನ್ನೆಯವನೇ ಹೌದೋ ಅಲ್ಲವೋ, ಅವನಿಗೆ ನಿದ್ದೆ ಸಾಕಾಗಿದೆಯೋ ಎಂಬ ವಿಚಾರ. ಇಂಥ ಮನಸ್ಸಿಗೆ ಪದಬಂಧ ಔಷಧಿ ಇದ್ದ ಹಾಗೆ. ಒಂದೂಕಾಲು ಗಂಟೆಯ ದಾರಿಯಲ್ಲಿ ಜಗತ್ತಿನ ಇಪ್ಪತ್ತೆಂಟು ಸಮಸ್ಯೆಗಳಿಗಾದರೂ ಖಚಿತ ಪರಿಹಾರ ಉಂಟು ಎನ್ನಿಸುತ್ತದೆ. ಆಫೀಸಿನಲ್ಲಿ ನನ್ನ ಕೆಲಸ ತಂತ್ರಾಂಶಗಳ ಕೈಪಿಡಿ ಬರೆಯುವುದು. "ಮೊದಲು ಈ ಗುಂಡಿ ಒತ್ತಿ, ಆಮೇಲೆ ಆ ಗುಂಡಿ ಒತ್ತಿ" ಎಂದು, ನಾನೇ ಎಂದೂ ಬಳಸದ ವಸ್ತುಗಳ ಬಗ್ಗೆ ಅಧಿಕಾರವಾಣಿಯಲ್ಲಿ ಬರೆಯುತ್ತೇನೆ. ಹಾಗಾಗಿ ನಮ್ಮ ಪುಣೆಯ ಕನ್ನಡಿಗ ಪದಬಂಧಿಗಳ ವಾಟ್ಸಾಪ್ ಗುಂಪಿನಲ್ಲಿ ದಿನದ ಉತ್ತರಗಳಿಗೆ ವಿವರಣೆ ಬರೆಯುವ ಹೊಣೆ ನನಗೆ ಬಂದದ್ದು ಸಹಜವೇ. ಹನ್ನೊಂದು ಜನರ ಗುಂಪು. ಬಸ್ಸು ಹಿಂಜವಾಡಿ ಮುಟ್ಟುವುದರೊಳಗೆ, ಬೆಳಿಗ್ಗೆ ಒಂಬತ್ತೂವರೆಗೆ, ವಿವರಣೆ ಗುಂಪಿಗೆ ಬೀಳಬೇಕು. ಒಂದು ನಿಯಮವನ್ನೂ ನಾವೇ ಮಾಡಿಕೊಂಡಿದ್ದೆವು: ಅರ್ಥವಾಗದ್ದಕ್ಕೆ "ತಿಳಿಯಲಿಲ್ಲ" ಎಂದು ಬರೆಯಬೇಕು. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಬರೆದಿರಲಿಲ್ಲ.

ಎಲ್ಲವೂ ತಿಳಿದಿತ್ತೆಂದಲ್ಲ. ವ್ಯಾಖ್ಯಾನಕಾರರ ಜಾತಿಯೇ ಹಾಗೆ. ಹಳೆಯ ಟೀಕೆಗಳನ್ನು ಓದಿದವರಿಗೆ ಗೊತ್ತು: ಬೆಕ್ಕಿಗೂ ಅರ್ಥವಾಗುವ ಶ್ಲೋಕಕ್ಕೆ ಎರಡು ಪುಟ ವಿವರಣೆ ಇರುತ್ತದೆ, ಬೃಹಸ್ಪತಿಯೂ ಬೆವರುವ ಶ್ಲೋಕದ ಕೆಳಗೆ "ಸ್ಪಷ್ಟ" ಎಂಬ ಒಂದೇ ಪದ. ನನಗೆ ಅಷ್ಟು ಧೈರ್ಯವಿರಲಿಲ್ಲ. ನಾನು ಕಲ್ಪಿಸುತ್ತಿದ್ದೆ. ಉತ್ತರ ಹೇಗೂ ಸರಿ ಇದೆ. ಅಲ್ಲಿಂದ ಹಿಂದಕ್ಕೆ ನಡೆದು ಸುಳಿವಿನವರೆಗೆ ಒಂದು ಸೇತುವೆ ಕಟ್ಟಿಬಿಟ್ಟರೆ ಯಾರಿಗೇನು ನಷ್ಟ? ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಬೆಂಗಳೂರಿನ ಸುಹಾಸ್, ಮೂವತ್ತೆರಡರ ಎಂಜಿನಿಯರ್, ಅವನೂ ಗುಂಪಿನವನೇ, ಒಮ್ಮೆ ಹೇಳಿದ: "ಸರ್, ಕ್ಲೂಗಿಂತ ನಿಮ್ಮ ಎಕ್ಸ್‌ಪ್ಲನೇಷನ್ನೇ ಚೆನ್ನಾಗಿರತ್ತೆ." ನಾನು ಕಿಟಕಿಯಾಚೆ ನೋಡಿದೆ.

ಹೀಗೊಂದು ಬೆಳಿಗ್ಗೆ ಸಿಕ್ಕಿದ್ದು ಭಾನುವಾರ. ವಾರದ ದಿನವಲ್ಲ, ಸುಳಿವಿನ ನಡುವೆ ಕೂತಿದ್ದ ಆ ಪದ. ಉಳಿದ ಪದಗಳೆಲ್ಲ ಒಂದೊಂದು ಕೆಲಸ ಮಾಡುತ್ತಿದ್ದವು. ಇದೊಂದು ಮಾತ್ರ ಸುಮ್ಮನೆ ಕೂತಿತ್ತು. ಉತ್ತರದಲ್ಲಿ ನೋಡಿದರೆ ಒಂದು ಪದದ ಕೊನೆಯ ಅಕ್ಷರ ನಾಪತ್ತೆ. ಒಂಬತ್ತು ಇಪ್ಪತ್ತೈದಾಗಿತ್ತು. ಬೆರಳು ತಾನಾಗಿ ಬರೆಯಿತು: "ಭಾನುವಾರವೆಂದರೆ ರಜೆ. ಆದ್ದರಿಂದ ಪದದ ಕೊನೆಯ ಅಕ್ಷರಕ್ಕೂ ರಜೆ. ಇದು ಪದಬಂಧದ ಹಳೆಯ ನಿಯಮ." ಆ "ಹಳೆಯ" ಎಂಬ ಪದವನ್ನು ಯಾಕೆ ಸೇರಿಸಿದೆನೋ ಇವತ್ತಿಗೂ ತಿಳಿಯದು. ಸುಳ್ಳಿಗೆ ವಯಸ್ಸು ಹಚ್ಚಿದರೆ ಗೌರವ ಬರುತ್ತದೆಂದಿರಬೇಕು. ಎಲ್ಲರೂ ಮೆಚ್ಚಿದರು.

ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು: ನಿನ್ನೆಯ ಒಂದು ಸುಳಿವಿನಲ್ಲಿ ಬೇರೆ ಸುಳಿವಿನ ಪದವೊಂದು ತಪ್ಪಿ ಸೇರಿಕೊಂಡಿತ್ತು, ಅಕ್ಷರ ಬಿಡಬೇಕೆಂಬ ಸೂಚನೆಯಿದ್ದ ಪದ ಬಿಟ್ಟುಹೋಗಿತ್ತು. ಅಷ್ಟು ಸಣ್ಣ ಅಕ್ಷರವನ್ನು ಗುಂಪಿನಲ್ಲಿ ಬೇರೆ ಯಾರೂ ಓದಲಿಲ್ಲ. ಓದಿದ ನಾನು ಪತ್ರಿಕೆಯನ್ನು ಮಡಿಸಿ ಬ್ಯಾಗಿಗೆ ಹಾಕಿದೆ.

ಎಂಟು ತಿಂಗಳು ಭಾನುವಾರ ಸುಮ್ಮನಿತ್ತು. ಆಮೇಲೊಂದು ಶನಿವಾರ ರತ್ನಾಬಾಯಿಯವರ ಫೋನು ಬಂತು, ಮನೆಗೊಮ್ಮೆ ಬಂದುಹೋಗಿ ಎಂದು.

ರತ್ನಾಬಾಯಿ ನಮ್ಮ ಗುಂಪಿನ ಹಿರಿಯರು, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇದ್ದಾರೆ. ಅವರ ತಂದೆ ಬೀದರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಗಳು ರಾತ್ರಿ ಶಾಲೆಯಲ್ಲಿ ಓದಿ ಭೋಸರಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಹಿಡಿದರು. ತಯಾರಾಗಿ ಬಂದ ಕಬ್ಬಿಣದ ಭಾಗಗಳನ್ನು ಅಳತೆಗೋಲಿನಿಂದ, ಅವರ ಮಾತಿನಲ್ಲಿ ಗೇಜಿನಿಂದ, ಅಳೆದು ಮುದ್ರೆ ಒತ್ತುವುದು. ಮೂವತ್ತೊಂದು ವರ್ಷ ಅಳೆದರು. ಯಂತ್ರದ ನಕ್ಷೆಗಳ ಇಂಗ್ಲಿಷಿನಿಂದ ಶುರುಮಾಡಿ ಪತ್ರಿಕೆಯ ಇಂಗ್ಲಿಷಿಗೆ, ಅಲ್ಲಿಂದ ಪದಬಂಧಕ್ಕೆ ಬಂದರು. ಗುಂಪಿನಲ್ಲಿ ಮಾತು ಕಡಿಮೆ.

"ಬರ್ರಿ, ಕೂಡ್ರಿ," ಎಂದು ಚಹಾ ಇಟ್ಟು, ನನ್ನ ಮುಂದೆ ಒಂದು ಹಾಳೆ ಹರಡಿದರು. ಅದು ಕನ್ನಡದಲ್ಲಿ ಗೂಢ ಪದಬಂಧ, ಅವರೇ ಕಟ್ಟಿದ್ದು. ನಮ್ಮ ಭಾಗದ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಹೋಗುವಂಥದ್ದು. "ಗುರುವಾರ ಪ್ರೆಸ್ಸಿಗೆ ಕೊಡ್ತಾರ. ಅದಕ್ಕೂ ಮೊದ್ಲ ನೀವೊಮ್ಮೆ ನೋಡಬೇಕರಿ."

ಚೆನ್ನಾಗಿತ್ತು. ಎಷ್ಟೆಂದರೆ, ನನಗೆ ಸಣ್ಣ ಹೊಟ್ಟೆಕಿಚ್ಚಾಗುವಷ್ಟು. ಬಲಗಡೆಯ ಕೆಳಮೂಲೆಗೆ ಬರುವವರೆಗೆ. ಅಲ್ಲಿತ್ತು: "ಭಾನುವಾರ ಪಟ್ಟಣದಲ್ಲಿ ಒಡವೆ, ಎರಡಕ್ಷರ." ಪಟ್ಟಣ ಎಂದರೆ ನಗರ, ಭಾನುವಾರವಾದ್ದರಿಂದ ಕೊನೆಯ ಅಕ್ಷರಕ್ಕೆ ರಜೆ, ಉಳಿದದ್ದು ನಗ. ಅದರ ಪಕ್ಕ ಇನ್ನೊಂದು ಭಾನುವಾರ. ಕೆಳಗೆ ಮತ್ತೆರಡು. ಇಡೀ ಮೂಲೆ ರಜೆಯ ಮೇಲೆ ನಿಂತಿತ್ತು.

"ಇದು ನಿಮ್ಮ ನಿಯಮಾನರಿ," ಎಂದು ರತ್ನಾಬಾಯಿ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ನಾಲ್ಕು ವರ್ಷದ ನನ್ನ ವಿವರಣೆಗಳು, ಅವರ ಗುಂಡನೆಯ ಕೈಬರಹದಲ್ಲಿ, ನಿಯಮಗಳಾಗಿ ಬದಲಾಗಿ, ಕ್ರಮಸಂಖ್ಯೆ ಹಚ್ಚಿಕೊಂಡು ಕೂತಿದ್ದವು. "ಭಾಳ ಛಲೋ ಅನಿಸ್ತು. ಅದಕ್ಕ ನಾಕು ಸಲ ಹಾಕೀನಿ." ಆಮೇಲೆ, ಹಾಳೆಯ ತಲೆಯ ಮೇಲೆ ತಮ್ಮ ಹೆಸರಿದ್ದ ಜಾಗವನ್ನು ಬೆರಳಿನಿಂದ ಒಮ್ಮೆ ಒರೆಸಿ, "ಕಾರ್ಖಾನಿಯಾಗ ನನ್ನ ಮುದ್ರಿಗೆ ಹೆಸರಿರಲಿಲ್ರಿ, ಬರೇ ಹದಿನೇಳು ಅಂತ ನಂಬರ್. ಪಾಸಾದದ್ದು ಯಾರ ಕೈಯಾಗಂತ ಯಾರಿಗೂ ಗೊತ್ತಿಲ್ಲ. ಹೆಸರು ಅಚ್ಚಾಗೋದು ಇದ ಮೊದಲ," ಎಂದರು.

ನಾನು ಚಹಾ ಮುಗಿಸಿ, "ತುಂಬ ಚೆನ್ನಾಗಿದೆ" ಎಂದು ಹೇಳಿ ಮನೆಗೆ ಬಂದೆ. ನನ್ನ ಜೀವನದ ಹಲವು ಹೇಡಿತನಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನ ಸಿಗಬಹುದು.

ಎರಡು ದಿನ ಸಮರ್ಥನೆಗಳನ್ನು ಕಟ್ಟಿದೆ; ಅದರಲ್ಲಿ ನನಗೆ ಪರಿಶ್ರಮವಿದೆಯಲ್ಲ. ಸ್ಮರಣ ಸಂಚಿಕೆಯನ್ನು ಯಾರು ಓದುತ್ತಾರೆ? ಓದಿದರೂ ಪದಬಂಧ ಯಾರು ಬಿಡಿಸುತ್ತಾರೆ? ಅಷ್ಟಕ್ಕೂ ಲೋಕದ ಎಲ್ಲ ನಿಯಮಗಳೂ ಯಾರೋ ಒಬ್ಬ ಒಂಬತ್ತು ಇಪ್ಪತ್ತೈದರ ಅವಸರದಲ್ಲಿ ಮಾಡಿದವೇ ಅಲ್ಲವೇ? ಈ ಕೊನೆಯದು ನನಗೆ ತುಂಬ ಹಿಡಿಸಿ, ಹೆಂಡತಿ ವಸುಧಾಳ ಮುಂದೆ ಮಂಡಿಸಿದೆ. ಅವಳು ಬೀನ್ಸ್ ಸೋಸುತ್ತಿದ್ದಳು.

"ಬಿಡಿಸೋರು ಹತ್ತು ಜನ ಇದಾರಲ್ಲ, ನಿಮ್ಮ ಗುಂಪಿನೋರು," ಎಂದಳು. "ನಿಮ್ಮ ನಿಯಮ ಗೊತ್ತಿಲ್ಲದ ಮಿಕ್ಕವರಿಗೆ ಉತ್ತರ ಹೊಂದಲ್ಲ, ಹೊಂದದೆ ಇದ್ರೆ ತಪ್ಪು ಯಾರದು ಅಂತಾರೆ? ಮೇಲೆ ಹೆಸರಿರೋರ್ದು. ಬೀಗಾನ ಮೂರು ಸಲ ಎಳೆದು ನೋಡ್ತೀರಿ. ಆಯಮ್ಮನ ಹೆಸರನ್ನ ಒಂದು ಸಲ ಎಳೆದು ನೋಡಕ್ಕೆ ಏನು ಕಷ್ಟ ನಿಮಗೆ?"

ಸೋಮವಾರ ಸಂಜೆ ಬಸ್ಸಿನಿಂದ ಇಳಿದು ನೇರ ಅವರ ಮನೆಗೆ ಹೋದೆ. ನಿಂತುಕೊಂಡೇ ಹೇಳಿದೆ. ಭಾನುವಾರದ ನಿಯಮ ಎಂಬುದೊಂದು ಇಲ್ಲ, ಅದನ್ನು ನಾನು ಬಸ್ಸಿನಲ್ಲಿ ಹುಟ್ಟಿಸಿದೆ, ಪತ್ರಿಕೆಯ ಅಚ್ಚಿನ ತಪ್ಪು ಅದಕ್ಕೆ ತಾಯಿ.

ರತ್ನಾಬಾಯಿ ಕನ್ನಡಕ ತೆಗೆದರು. "ಇದು ನಿಮಗ ಯಾವಾಗಿಂದ ಗೊತ್ತಿತ್ತು?"

"ಮರುದಿನದಿಂದ."

"ಮೊನ್ನೆ ಚಾ ಕುಡಿಯೋ ಮುಂದೂ ಗೊತ್ತಿತ್ತು."

"ಗೊತ್ತಿತ್ತು."

ಬೈಯುತ್ತಾರೆಂದು ಕಾದೆ. ಬೈಸಿಕೊಂಡರೆ ಒಂದು ಸೌಕರ್ಯವಿದೆ, ಲೆಕ್ಕ ಚುಕ್ತಾ ಆದ ಹಾಗಾಗುತ್ತದೆ. ಅವರು ಅದನ್ನು ಕೊಡಲಿಲ್ಲ. ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು, ಒಂದು ಪೆನ್ಸಿಲ್ ಹೆರೆದರು.

"ನಮ್ಮ ಕಾರ್ಖಾನಿಯಾಗ ಗೇಜ್ ಸವದದ ಅಂತ ಗೊತ್ತಾದ್ರ, ಕೈಯಾಗಿನ ಪೀಸ್ ಒಂದು ಒಗದು ಸುಮ್ನ ಕೂಡಂಗಿಲ್ರಿ. ಕಡೀ ಸಲ ಅದು ಯಾವತ್ತು ಸರಿ ಇತ್ತೋ, ಅವತ್ತಿಂದ ಅಳದದ್ದೆಲ್ಲಾ ವಾಪಸ್ ತರಸ್ತಿದ್ವಿ. ಗಾಡಿ ಹತ್ತಿ ಹೋದದ್ದೂ ತರಸ್ತಿದ್ವಿ. ಕೂಡ್ರಿ. ಒಂದನೇ ನಂಬರಿನಿಂದ ನೋಡೋಣು."

ಮೊದಲಿನಿಂದ ನೋಡಿದೆವು. ಅವರು ಓದುವುದು, ನಾನು "ಸರಿ" ಅಥವಾ "ನನ್ನದು" ಎನ್ನುವುದು. "ನನ್ನದು" ಎಂದದ್ದರ ಸುತ್ತ ಅವರು ಒಂದು ಸೊನ್ನೆ ಸುತ್ತುತ್ತಿದ್ದರು, ಮುಖದಲ್ಲಿ ಯಾವ ಭಾವವೂ ಇಲ್ಲ, ಕೆಟ್ಟ ಬೋಲ್ಟನ್ನು ಪಕ್ಕದ ಬುಟ್ಟಿಗೆ ಹಾಕಿದಷ್ಟೇ. ಹನ್ನೊಂದು ಸೊನ್ನೆಗಳಾದವು. ನಿಜವಾದ ಅವಮಾನ ಅದಲ್ಲ. ನಡುನಡುವೆ ಕೆಲವು ನಿಯಮಗಳ ಮುಂದೆ ನಾನು ಬಾಯಿ ತೆರೆದು ಕೂತುಬಿಟ್ಟೆ. ಎಲ್ಲೋ ಕಲಿತದ್ದೋ, ನಾನೇ ಕಟ್ಟಿದ್ದೋ ನೆನಪಾಗಲಿಲ್ಲ. ಅಂಥವು ಏಳು. ಅವುಗಳ ಮೇಲೆ ನಾನು ಎಷ್ಟೋ ಪದಬಂಧಗಳನ್ನು ಭಕ್ತಿಯಿಂದ ಬಿಡಿಸಿದ್ದೆ ಕೂಡ.

"ಹೆತ್ತವರಿಗೇ ಮಕ್ಕಳ ಗುರುತಿಲ್ಲ ಅಂದ್ರ ಹೆಂಗರಿ," ಎಂದರು ರತ್ನಾಬಾಯಿ. ಏಳಕ್ಕೂ ಸೊನ್ನೆ ಬಿತ್ತು. "ಡೌಟ್ ಇದ್ದದ್ದು ಪಾಸಾಗಂಗಿಲ್ಲ."

ಆಮೇಲೆ ಮೂಲೆಯ ಕೆಲಸ; ಸೊನ್ನೆ ಬಿದ್ದವುಗಳಲ್ಲಿ ಹಾಳೆ ಹೊಕ್ಕಿದ್ದು ಪುಣ್ಯಕ್ಕೆ ಭಾನುವಾರ ಒಂದೇ. ಉತ್ತರಗಳನ್ನು ಹಾಗೇ ಉಳಿಸಿ ನಾಲ್ಕು ಸುಳಿವುಗಳನ್ನು ಹೊಸದಾಗಿ ಕಟ್ಟಬೇಕಿತ್ತು. ಪ್ರಾಯಶ್ಚಿತ್ತದ ಉತ್ಸಾಹದಲ್ಲಿ ನಾನು ಮೊದಲಾಗಿ, "ಬಾಲ ಕತ್ತರಿಸಿದ ಪಟ್ಟಣವೇ ಒಡವೆ" ಎಂದೆ.

"ಇದು ಸುಳಿವಲ್ರಿ, ಕೈಪಿಡಿ," ಎಂದರು.

ಹತ್ತು ನಿಮಿಷ ಗೋಡೆ ನೋಡಿದರು. ಆಮೇಲೆ ಬರೆದರು: "ಪಟ್ಟಣದ ಕೊನೆಗೆ ಹೋಗದಿದ್ದರೆ ಒಡವೆ ಉಳಿದೀತು." ಕಳ್ಳರ ಭಯವೂ ಇದೆ, ಮಸಲತ್ತೂ ಇದೆ, ಪ್ರತಿ ಪದಕ್ಕೂ ಕೆಲಸವಿದೆ. ನನ್ನ ಭಾನುವಾರಕ್ಕಿಂತ ಎಷ್ಟೋ ಮೇಲು. ಮೂರನ್ನು ಹೀಗೆ ಮುಗಿಸಿದರು. ನಾಲ್ಕನೆಯದನ್ನು ಬರೆದು, ನನ್ನ ಕಡೆ ತಿರುಗಿಸಿ, ಅಡುಗೆಮನೆಗೆ ಹೋದರು. ನಾನು ನೋಡಿದೆ. ಉತ್ತರ ಗೊತ್ತಿತ್ತು, ಅಕ್ಷರಗಳು ಕಣ್ಣ ಮುಂದೆಯೇ ಇದ್ದವು. ಆದರೆ ಸುಳಿವಿನಿಂದ ಅಲ್ಲಿಗೆ ಹೋಗುವ ದಾರಿ ಕಾಣಲಿಲ್ಲ. ಮೂರು ಸೇತುವೆಗಳು ಥಟ್ಟನೆ ಹೊಳೆದವು, ಮೂರೂ ಚೆಂದವಾಗಿಯೇ ಇದ್ದವು. ಬಾಯಿ ಮುಚ್ಚಿಕೊಂಡು ಕೂತೆ.

ಮಂಗಳವಾರ ಬೆಳಿಗ್ಗೆ ಗುಂಪಿನಲ್ಲಿ ತಿದ್ದುಪಡಿ ಹಾಕಿದೆ, ಹದಿನೆಂಟು ನಿಯಮಗಳು ವಾಪಸ್ ಎಂದು. ಗಾಡಿ ಹತ್ತಿ ಹೋದದ್ದನ್ನೂ ತರಿಸಬೇಕೆಂಬುದು ರತ್ನಾಬಾಯಿಯ ಷರತ್ತಾಗಿತ್ತು. ಬಸ್ಸಿನಲ್ಲಿ ಸುಹಾಸ್ ಅದನ್ನು ಎರಡು ಸಲ ಓದಿದ. ವಾಕಡ ದಾಟಿದ ಮೇಲೆ, "ಸರ್, ಆ ಸಂಡೇ ರೂಲ್ ನಂಗೆ ತುಂಬಾ ಇಷ್ಟ ಇತ್ತು," ಎಂದ, ಯಾರೋ ತೀರಿಕೊಂಡವರ ಬಗ್ಗೆ ಹೇಳುವ ದನಿಯಲ್ಲಿ.

ಸಂಚಿಕೆ ಬಂತು. ನಲವತ್ತೊಂದನೆಯ ಪುಟದಲ್ಲಿ ಪದಬಂಧ, ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು. ಸಂಘದವರು ಸಾಮಾನ್ಯವಾಗಿ ಮಾಡುವ ಅಚ್ಚಿನ ತಪ್ಪು ಕೂಡ ಅದರಲ್ಲಿರಲಿಲ್ಲ; ರತ್ನಾಬಾಯಿ ತಾವೇ ಪ್ರೆಸ್ಸಿಗೆ ಹೋಗಿ ಕೂತಿದ್ದರಂತೆ. ಮಧ್ಯಾಹ್ನದೊಳಗೆ ಗುಂಪಿನಲ್ಲಿ ಗಲಾಟೆ ಶುರುವಾಯಿತು. ಎಲ್ಲರೂ ಎಲ್ಲವನ್ನೂ ಬಿಡಿಸಿದ್ದರು, ಮೂಲೆಯ ಆ ನಾಲ್ಕನೆಯ ಸುಳಿವೊಂದನ್ನು ಬಿಟ್ಟು. ಪದ ತುಂಬಿದ್ದರು, ಕಾರಣ ಗೊತ್ತಿರಲಿಲ್ಲ. ಆದರೆ "ತಿಳಿಯಲಿಲ್ಲ" ಎಂದು ಒಬ್ಬರೂ ಬರೆದಿರಲಿಲ್ಲ. "ಇಂಟರೆಸ್ಟಿಂಗ್ ಕ್ಲೂ" ಎಂದು ಒಬ್ಬರು, "ವಿವರಣೆ ಸರ್ ಬರೆಯಲಿ" ಎಂದು ಇನ್ನೊಬ್ಬರು. ಸುಹಾಸ್ ಸುಮ್ಮನೆ ನಗುವ ಮುಖವೊಂದನ್ನು ಹಾಕಿದ್ದ.

ಆಗ ರತ್ನಾಬಾಯಿ, ವರ್ಷಕ್ಕೆ ಎರಡೋ ಮೂರೋ ಸಲ ಬರೆಯುವವರು, ಬರೆದರು: "ಹೇಳ್ತೀನ್ರಿ. ಅದಕ್ಕೂ ಮೊದಲು, ತಿಳೀಲಾರದವರು ಕೈ ಎತ್ತಬೇಕು."

ನಾನು ಫೋನಿನಲ್ಲಿ ಕೈಯ ಚಿತ್ರ ಹುಡುಕಿ ಎತ್ತಿದೆ. ಸ್ವಲ್ಪ ಹೊತ್ತು ಅದೊಂದೇ ಅಲ್ಲಿ ನಿಂತಿತ್ತು, ಖಾಲಿ ತರಗತಿಯಲ್ಲಿ ನಿಂತ ಹಾಗೆ, ಮತ್ತು ಎಂದಿನಂತೆ ನನಗೆ ಚಿಂತೆ ಶುರುವಾಯಿತು. ಆಮೇಲೆ ಇನ್ನೊಂದು ಕೈ ಎದ್ದಿತು. ಆಮೇಲೆ ಸುಹಾಸನದು. ಊಟ ಮುಗಿಯುವುದರೊಳಗೆ ಒಂದರ ಕೆಳಗೊಂದರಂತೆ ಹತ್ತು ಕೈಗಳು. ನಾಲ್ಕು ವರ್ಷದಲ್ಲಿ ನಾವೆಲ್ಲ ಒಟ್ಟಾಗಿ ನಿಜ ಹೇಳಿದ್ದು ಅದೇ ಮೊದಲು. ನೋಡಲು ಅದು ಪ್ರತಿಜ್ಞೆ ಸ್ವೀಕರಿಸುವವರ ಸಾಲಿನಂತಿತ್ತು, ಬಸ್ಸು ನಿಲ್ಲಿಸಿ ಎಂದು ಕೂಗುವವರ ಸಾಲಿನಂತೆಯೂ ಇತ್ತು.