ಸಡಿಲ ಹಿಡಿತ

ಏರ್‌ಗನ್ ರಿಪೇರಿ ಮಾಡುವ ಅವನಿಗೆ ಬೀದಿಯವರು ಟಪ್ಪಣ್ಣ ಎಂದು ಹೆಸರಿಟ್ಟಿದ್ದರು. ಮನೆಯ ಹಿಂದಿನ ಉದ್ದನೆಯ ಶೆಡ್ಡಿನಿಂದ ದಿನವಿಡೀ ಟಪ್ ಟಪ್ ಎಂದು ಕೇಳುತ್ತಿದ್ದರೆ ಇನ್ನೇನು ಹೆಸರಿಡುತ್ತಾರೆ? ಸ್ಪ್ರಿಂಗ್ ಬದಲಿಸಿ, ನಳಿಗೆ ಒರೆಸಿ, ಗುರಿ ನೋಡಲು ಮೇಲೆ ಕೂರಿಸಿದ ದುರ್ಬೀನಿನ ಸ್ಕ್ರೂ ಬಿಗಿ ಮಾಡಿ, ಎದುರು ಗೋಡೆಯ ಕಾಗದಕ್ಕೆ ಹೊಡೆದು ನೋಡುತ್ತಿದ್ದ. ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೋಗುವವರೆಗೂ ಬಂದೂಕು ಶೆಡ್ಡಿನ ಬಾಗಿಲು ದಾಟುತ್ತಿರಲಿಲ್ಲ.

ಅಕ್ಕನ ಗಂಡನ ಬಂದೂಕು ಮಾತ್ರ ಮತ್ತೆ ಮತ್ತೆ ವಾಪಸು ಬರುತ್ತಿತ್ತು. ಒಂದು ದಿನ ಭಾವ ಅಕ್ಕನನ್ನೂ ಕರೆದುಕೊಂಡು ಬಂದು ಶೆಡ್ಡಿನಲ್ಲೇ ರೇಗಿದರು.

"ಗುಂಡು ಎಲ್ಲೆಲ್ಲೋ ಹೋಗುತ್ತೆ ಕಣೋ. ಏನು ರಿಪೇರಿ ಮಾಡಿದ್ದೀಯ?"

ಹೊಡೆದೂ ತೋರಿಸಿದರು. ಸಿಡುಬು ಎದ್ದಂತೆ ಕಾಗದದ ತುಂಬ ತೂತುಗಳು.

"ಕತ್ತು ಹಿಸುಕೋ ಹಾಗೆ ಹಿಡಿದ್ರೆ ಇನ್ನೇನಾಗುತ್ತೆ ಭಾವ? ಹೊಡೆದಾಗ ಸ್ಪ್ರಿಂಗ್ ಬಂದೂಕು ಹಿಂದಕ್ಕೆ ಒದೆಯುತ್ತೆ. ಒದೆಯೋಕೆ ಬಿಡಿ, ಸಡಿಲವಾಗಿ ಹಿಡೀರಿ."

"ನನಗೇ ಹೇಳಿಕೊಡ್ತೀಯಾ?"

ಟಪ್ಪಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಬಂದೂಕನ್ನು ಕಿತ್ತುಕೊಂಡು, ಗೋಡೆಗೆ ಹೊಸ ಕಾಗದ ಅಂಟಿಸಿ, ಅಕ್ಕನ ಕೈಗೆ ಕೊಟ್ಟ. ಎಂದೂ ಬಂದೂಕು ಮುಟ್ಟದ ಅಕ್ಕ, ಎಲ್ಲಿ ಕಚ್ಚೀತೋ ಎಂಬಂತೆ ಅದನ್ನು ಅಂಗೈ ಮೇಲೆ ಹಗುರವಾಗಿ ಇಟ್ಟುಕೊಂಡು, ತಮ್ಮ ಹೇಳಿದಂತೆ ಗುರಿಯಿಟ್ಟು ಹೊಡೆದಳು. ಇನ್ನೊಂದು ಹೊಡೆದಳು, ಮತ್ತೊಂದು ಹೊಡೆದಳು. ಎಲ್ಲವೂ ಒಂದೇ ತೂತಿನಲ್ಲಿ ಹೋದವು.

ಭಾವ ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಂದೂಕನ್ನು ಟಪ್ಪಣ್ಣನ ಮೇಜಿನ ಮೇಲಿಟ್ಟರು.

"ಒಡಹುಟ್ಟಿದವಳ ಕೈಗೆ ಸರಿಯಾಗಿ ಕೂರಿಸಿದ್ದೀಯ. ಈಗ ನನ್ನ ಕೈಗೂ ಹಾಗೇ ಮಾಡಿಕೊಡು."